ಚಿತ್ತೋರಿಗೆ ತಟ್ಟಿದ ಚಪ್ಪಾಳೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಹೇಳಿದವಳು. ಇಸವಿಗಳನ್ನು ಬಾಯಿಪಾಠ ಮಾಡಿಸುವುದು ಬೇಸರದ ಕೆಲಸ. ಊಟದ ನಂತರದ ಪೀರಿಯಡ್ಡಿನಲ್ಲಂತೂ ಅರ್ಧ ತರಗತಿ ತೂಕಡಿಸುತ್ತಿತ್ತು. ಆದರೆ ರಜಪೂತರ ಪಾಠ ಬಂತೆಂದರೆ ಮಾತೇ ಬೇರೆ. ಬೆಟ್ಟದ ಮೇಲಿನ ಚಿತ್ತೋರಿನ ಕೋಟೆ, ಕೇಸರಿ ಉಟ್ಟು ಬಾಗಿಲು ತೆರೆದು ಸಾಯಲೆಂದೇ ಹೊರಟ ಗಂಡಸರು, ಒಳಗೆ ಬೆಂಕಿಗೆ ಇಳಿಯುವ ಹೆಂಗಸರು. ನಾನು ದನಿ ಏರಿಸಿ ಇಳಿಸಿ ಹೇಳುತ್ತಿದ್ದರೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು. ಹಾಗೆ ಹೇಳಬಲ್ಲೆನೆಂಬ ಹೆಮ್ಮೆ ನನಗೂ ಇತ್ತು.

1986ರ ಶಾಲಾ ವಾರ್ಷಿಕೋತ್ಸವಕ್ಕೆ ಚಿತ್ತೋರಿನ ಪದ್ಮಿನಿಯ ಕಥೆಯನ್ನು ನಾನೇ ಕಿರುನಾಟಕ ಮಾಡಿ ಆಡಿಸಿದೆ. ಮಕ್ಕಳು ಅಮ್ಮಂದಿರ ಧಾರೆ ಸೀರೆಗಳನ್ನು ಬೇಡಿ ತಂದರು. ಕೇಸರಿ ಬಣ್ಣದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಡಿಯಲ್ಲಿ ಟೇಬಲ್ ಫ್ಯಾನ್ ಇಟ್ಟು, ಕೆಂಪು ಬಲ್ಬು ಹಾಕಿ ಬೆಂಕಿ ಮಾಡಿದೆವು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪದ್ಮಿನಿಯಾಗಿದ್ದಳು. ಅವಳು ಕೈಮುಗಿದುಕೊಂಡು ಆ ಕಾಗದದ ಜ್ವಾಲೆಯೊಳಗೆ ಹೆಜ್ಜೆಯಿಟ್ಟಾಗ ಸಭೆಯಲ್ಲಿ ಬಿದ್ದ ಚಪ್ಪಾಳೆ ಎಷ್ಟೋ ಹೊತ್ತು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿದ್ದ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಪರದೆಯ ಮರೆಯಲ್ಲಿ ನಿಂತು ಕೈ ಕೆಂಪಾಗುವಷ್ಟು ತಟ್ಟಿದೆ.

ವರ್ಷ ತುಂಬುವುದರೊಳಗೆ, 1987ರ ಸೆಪ್ಟೆಂಬರಿನಲ್ಲಿ, ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ನನ್ನ ವಯಸ್ಸಿನವರಿಗೆ ನೆನಪಿರಬೇಕು. ರಾಜಸ್ಥಾನದ ಸೀಕರ್ ಜಿಲ್ಲೆಯ ದೇವರಾಲಾ ಎಂಬ ಹಳ್ಳಿ. ರೂಪ್ ಕಂವರ್ ಎಂಬ ರಜಪೂತರ ಸೊಸೆ, ಹದಿನೆಂಟು ವರ್ಷದವಳು. ಮದುವೆಯಾಗಿ ಎಂಟು ತಿಂಗಳೂ ತುಂಬಿರಲಿಲ್ಲ. ಸೆಪ್ಟೆಂಬರ್ 4ರಂದು ಗಂಡನ ಚಿತೆಯ ಮೇಲೆ ಅವಳೂ ಸುಟ್ಟುಹೋದಳು. ತಾನಾಗಿ ಏರಿದಳು ಎಂದವರುಂಟು, ಏರಿಸಿದರು ಎಂದವರುಂಟು. ಹದಿಮೂರನೆಯ ದಿನದ ಕಾರ್ಯಕ್ಕೆ ಲಕ್ಷಗಟ್ಟಲೆ ಜನ ಆ ಹಳ್ಳಿಗೆ ನುಗ್ಗಿದರು. ಜೈಪುರದಲ್ಲಿ ಮಹಿಳಾ ಸಂಘಟನೆಗಳವರು ಬೀದಿಗಿಳಿದು ಪ್ರತಿಭಟಿಸಿದರೆ, ಅದಕ್ಕೆದುರಾಗಿ ರಜಪೂತ ತರುಣರು ಕತ್ತಿ ಹಿಡಿದು ಮೆರವಣಿಗೆ ಮಾಡಿದರು. ಸತಿ ನಮ್ಮ ಕುಲದ ಗೌರವ, ಅದನ್ನು ಪ್ರಶ್ನಿಸಲು ನೀವು ಯಾರು ಎಂಬುದು ಅವರ ವಾದ.

ಆ ವಾರ ನನ್ನ ಪದ್ಮಿನಿ, ಆಗ ಹತ್ತನೇ ತರಗತಿಯಲ್ಲಿದ್ದವಳು, ಎದ್ದು ನಿಂತು ಕೇಳಿದಳು: ‘ಮಿಸ್, ಆ ಹುಡುಗಿಗೆ ನಮ್ಮಕ್ಕನ ವಯಸ್ಸಂತೆ. ಅವಳಿಗೂ ನಾವು ಚಪ್ಪಾಳೆ ತಟ್ಟಬೇಕಾ?’

ನಾನು ಏನು ಹೇಳಿದೆನೆಂದು ಬರೆಯಲು ಇಂದಿಗೂ ನಾಚಿಕೆ. ‘ಸಿಲಬಸ್ಸಿನಲ್ಲಿ ಇರೋದು ಕೇಳು, ಕೂತ್ಕೋ’ ಎಂದುಬಿಟ್ಟೆ. ಅವಳು ಕೂತಳು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು, ಮತ್ತೆ ಹೋಗಲೇ ಇಲ್ಲ.

ಪಾಠಪುಸ್ತಕ ಬಿಟ್ಟು ಬೇರೆ ಪುಸ್ತಕಗಳನ್ನು ಹುಡುಕಿ ಓದತೊಡಗಿದ್ದು ಆಮೇಲೆ. ಚಿತ್ತೋರ್ ಮೂರು ಸಲ ಬಿದ್ದಿತ್ತು. 1303ರಲ್ಲಿ ಅಲ್ಲಾವುದ್ದೀನ್ ಖಿಲ್ಜಿಗೆ, 1535ರಲ್ಲಿ ಗುಜರಾತಿನ ಬಹಾದುರ್ ಷಾಗೆ, 1568ರಲ್ಲಿ ಅಕ್ಬರನಿಗೆ. ಮೂರು ಸಲವೂ ಜೌಹರ್ ನಡೆಯಿತೆಂದು ಮೇವಾಡ ನೆನೆಯುತ್ತದೆ. ನಾನು ನಾಟಕ ಆಡಿಸಿದ್ದು ಮೊದಲನೆಯದನ್ನು. ಖಿಲ್ಜಿಯ ಸೈನ್ಯದ ಜೊತೆಗೇ ಇದ್ದ ಕವಿ ಅಮೀರ್ ಖುಸ್ರೋ ಆ ಮುತ್ತಿಗೆಯ ಬಗ್ಗೆ ಬರೆದಿದ್ದಾನೆ. ಅದರಲ್ಲಿ ಪದ್ಮಿನಿಯ ಹೆಸರಿಲ್ಲ. ಅವಳ ಕಥೆ ನಮಗೆ ಸಿಗುವುದು ಮಲಿಕ್ ಮಹಮ್ಮದ್ ಜಾಯಸಿಯ ‘ಪದ್ಮಾವತ್’ ಕಾವ್ಯದಲ್ಲಿ. ಅವನು ಬರೆದದ್ದು 1540ರಲ್ಲಿ, ಮುತ್ತಿಗೆ ಮುಗಿದು ಇನ್ನೂರು ವರ್ಷಗಳ ಮೇಲೆ. ನಾನು ಇತಿಹಾಸವೆಂದು ದನಿ ಏರಿಸಿ ಹೇಳುತ್ತಿದ್ದುದರಲ್ಲಿ ಬಹುಪಾಲು ಕಾವ್ಯವಾಗಿತ್ತು.

1568ರ ಕೊನೆಯ ರಾತ್ರಿಯ ಸಂಗತಿ ಹಾಗಲ್ಲ. ಕೋಟೆಯೊಳಗೆ ಮೂರು ನಾಲ್ಕು ಕಡೆ ಬೆಂಕಿ ಎದ್ದದ್ದನ್ನು ಅಕ್ಬರ್ ಹೊರಗಿನಿಂದ ಕಂಡ. ಅದು ಜೌಹರಿನ ಬೆಂಕಿ ಎಂದು ಅವನಿಗೆ ತಿಳಿಸಿ ಹೇಳಿದವನು ಆಮೇರಿನ ಭಗವಂತ ದಾಸ್ ಎಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಭಗವಂತ ದಾಸನೂ ರಜಪೂತನೇ. ಒಳಗೆ ಉರಿಯುತ್ತಿದ್ದವರು ಅವನ ಜಾತಿಯ ಹೆಣ್ಣುಮಕ್ಕಳೇ. ಮಾರನೆಯ ದಿನ ಕೋಟೆಯಲ್ಲಿ ಸುಮಾರು 30,000 ಜನರ ಕೊಲೆಯಾಯಿತೆಂದೂ ಅವನ ಬರಹದಲ್ಲೇ ಇದೆ. ಅವರಲ್ಲಿ ಹೆಚ್ಚಿನವರು ರೈತಾಪಿ ಜನ. ಹಲ್ದಿಘಾಟಿಯನ್ನೇ ನೋಡಿ. 1576ರ ಜೂನ್ 18ರಂದು ರಾಣಾ ಪ್ರತಾಪನ ಎದುರು ಮೊಗಲ್ ಸೈನ್ಯ ನಡೆಸಿದವನು ಆಮೇರಿನ ಮಾನ್‌ಸಿಂಗ್. ಪ್ರತಾಪನ ಕಡೆ ನಿಂತು ಹೋರಾಡಿದವರಲ್ಲಿ ಹಕೀಮ್ ಖಾನ್ ಸೂರ್ ಇದ್ದ, ಕಾಡಿನ ಭಿಲ್ಲರಿದ್ದರು. ಒಂದು ಕುಲ, ಒಂದು ಕತ್ತಿ, ಒಂದು ಮಾನ ಎಂದು ನಾನು ಹೇಳುತ್ತಿದ್ದ ಪಾಠ ಇಷ್ಟು ಸರಳವಾಗಿರಲಿಲ್ಲ.

ನಿವೃತ್ತಿಯಾದ ಮೇಲೆ, 2014ರಲ್ಲಿ, ನಮ್ಮವರು, ನಾದಿನಿ ಮತ್ತು ಅವಳ ಗಂಡನ ಜೊತೆ ರಾಜಸ್ಥಾನಕ್ಕೆ ಹೋದೆ. ಚಿತ್ತೋರಿನ ಏಳು ಬಾಗಿಲು ದಾಟಿ ಮೇಲೆ ಹತ್ತಿದೆವು. ರಾಣಾ ಕುಂಭ ಕಟ್ಟಿಸಿದ ಒಂಬತ್ತು ಅಂತಸ್ತಿನ ವಿಜಯಸ್ತಂಭವನ್ನು ಕತ್ತೆತ್ತಿ ನೋಡಿದೆವು. ಅದರ ಪಕ್ಕದಲ್ಲೇ ಹುಲ್ಲು ಬೆಳೆದ ಒಂದು ಅಂಗಳ. ಜೌಹರ್ ನಡೆದದ್ದು ಇಲ್ಲೇ ಎಂದ ಗೈಡು. ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಟೇಬಲ್ ಫ್ಯಾನಿನ ಗಾಳಿಗೆ ಹಾರುತ್ತಿದ್ದ ಕಾಗದದ ಪಟ್ಟಿಗಳು.

ಕೊನೆಗೆ ಜೋಧಪುರದ ಮೆಹರಾನ್‌ಗಢ ಕೋಟೆಗೆ ಬಂದೆವು. ಅದರ ಲೋಹಾಪೋಲ್ ಎಂಬ ಬಾಗಿಲಿನ ಬದಿಯ ಗೋಡೆಯಲ್ಲಿ ಸಾಲಾಗಿ ಅಂಗೈ ಗುರುತುಗಳಿವೆ. 1843ರಲ್ಲಿ ಮಹಾರಾಜ ಮಾನ್‌ಸಿಂಗ್ ತೀರಿಕೊಂಡಾಗ ಸಹಗಮನಕ್ಕೆ ಹೊರಟ ರಾಣಿಯರ ಗುರುತುಗಳು ಅವು ಎನ್ನುತ್ತಾರೆ. ಕುಂಕುಮ ಹಚ್ಚಿದ್ದರು. ಎಲ್ಲ ಪುಟ್ಟ ಪುಟ್ಟ ಕೈಗಳು. ನನ್ನ ಕೈ ತಾನಾಗಿ ಒಂದರ ಹತ್ತಿರ ಹೋಯಿತು. ಅಳತೆಯಲ್ಲಿ ಅದು ಹತ್ತನೇ ತರಗತಿಯ ಹುಡುಗಿಯ ಕೈ. ಮುಟ್ಟಲಾಗದೆ ಹಿಂದಕ್ಕೆ ಎಳೆದುಕೊಂಡೆ.

‘ಇವರದೆಲ್ಲ ಎಂಥ ಕ್ರೂರ ಪದ್ಧತಿ, ಅತ್ತಿಗೆ’ ಎಂದಳು ನಾದಿನಿ. ಹೌದು ಎನ್ನಲು ಬಾಯಿ ಬರಲಿಲ್ಲ. ನನ್ನ ತವರಿನ ಕೆರೆ ಏರಿಯ ಮೇಲೆ ಒಂದು ಮಾಸ್ತಿಕಲ್ಲಿದೆ. ಕಂಬದಿಂದ ಹೊರಟ ಮಡಿಸಿದ ತೋಳು, ತೋಳಿನ ತುಂಬ ಬಳೆ, ಕೈಯಲ್ಲಿ ನಿಂಬೆಹಣ್ಣು. ಚಿಕ್ಕಂದಿನಲ್ಲಿ ಅದರ ಮೇಲೆ ಸೀಬೆಹಣ್ಣಿಟ್ಟುಕೊಂಡು ತಿಂದವಳು ನಾನು. ಕನ್ನಡ ನಾಡಿನ ಊರೂರಲ್ಲಿ ಗಂಡಿಗೊಂದು ವೀರಗಲ್ಲು, ಹೆಣ್ಣಿಗೊಂದು ಮಾಸ್ತಿಕಲ್ಲು ನಿಂತಿರುವಾಗ ರಜಪೂತರ ಕಡೆ ಬೆರಳು ತೋರಿಸಲು ನಾವೇನು ದೂರದವರೆ? ಅಲ್ಲಿ ಅಂಗೈ, ಇಲ್ಲಿ ತೋಳು, ಅಷ್ಟೇ.

ರಜಪೂತರ ಶೌರ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದದ್ದು ಜೋಧಪುರದ ಮತ್ತು ನಮ್ಮ ಮೈಸೂರಿನ ಅಶ್ವದಳಗಳು. ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದ್ದರು. ಜೋಧಪುರದ ಮೇಜರ್ ದಳಪತ್ ಸಿಂಗ್ ಶೇಖಾವತ್ ಅಲ್ಲೇ ಮಡಿದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಜೋಧಪುರ, ಮೈಸೂರು, ಹೈದರಾಬಾದಿನ ಸವಾರರು. ಝುಂಝುನು ಜಿಲ್ಲೆಯ ಬೇರಿ ಹಳ್ಳಿಯ ಪೀರೂ ಸಿಂಗ್ 1948ರಲ್ಲಿ ತಿಥ್ವಾಲ್‌ನಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದರು. 1962ರ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮಡಿದ ಮೇಜರ್ ಶೈತಾನ್ ಸಿಂಗ್ ಕೂಡ ಜೋಧಪುರದ ಕಡೆಯ ರಜಪೂತರೇ. ಅವರ ಜೊತೆಗೆ ಪ್ರಾಣ ಬಿಟ್ಟ ನೂರಕ್ಕೂ ಹೆಚ್ಚು ಸೈನಿಕರಲ್ಲಿ ಹೆಚ್ಚಿನವರು ಈಗಿನ ಹರಿಯಾಣದ ಅಹಿರರು. ಇಂಥ ಮಕ್ಕಳ ಬಗ್ಗೆ ಒಂದು ಸಮುದಾಯ ಹೆಮ್ಮೆಪಟ್ಟರೆ ತಪ್ಪೇನಿದೆ? ಆ ಹೆಮ್ಮೆಯಲ್ಲಿ ಮೈಸೂರಿನವರಿಗೂ ಅಹಿರರಿಗೂ ಪಾಲಿದೆ. ಅದನ್ನು ಉಳಿಸಲು ಯಾವ ಹೆಂಗಸೂ ಸುಟ್ಟುಕೊಳ್ಳಬೇಕಿಲ್ಲ.

ಗಂಡಸಿನ ಶೌರ್ಯಕ್ಕೆ ಹೆಂಗಸಿನ ಸಾವನ್ನು ಸಾಕ್ಷಿಯಾಗಿ ಕೇಳುವ ಹೆಮ್ಮೆಯೇ ನನ್ನನ್ನು ಹೆದರಿಸುವುದು. 2018ರ ಜನವರಿಯಲ್ಲಿ ಪದ್ಮಿನಿಯ ಕಥೆಯ ಸಿನಿಮಾ ಬಿಡುಗಡೆಯಾಗುವ ಮುಂಚೆ, ಅದನ್ನು ನಿಲ್ಲಿಸದಿದ್ದರೆ ತಾವೂ ಜೌಹರ್ ಮಾಡುವುದಾಗಿ ಚಿತ್ತೋರಿನಲ್ಲಿ ಹೆಂಗಸರೇ ಮೆರವಣಿಗೆ ಹೊರಟರು. ಟಿ.ವಿ.ಯಲ್ಲಿ ಅದನ್ನು ನೋಡುತ್ತ ಕೂತಾಗ, ಅವರಿಗೂ ಯಾರೋ ಒಬ್ಬ ಟೀಚರು ಪಾಠ ಹೇಳಿರಬೇಕು ಅನ್ನಿಸಿತು.

ಬೆಂಕಿಯಿಂದಾಚೆಗೆ ಬದುಕಿದ ಹೆಂಗಸರೂ ಅದೇ ಕೋಟೆಯಲ್ಲಿದ್ದರು. 1535ರ ಜೌಹರಿನಲ್ಲಿ ರಾಣಿ ಕರ್ಣಾವತಿ ಹೋದ ಮೇಲೆ ಅವಳ ಮಗ ಉದಯ ಸಿಂಗನನ್ನು ಸಾಕಿದವಳು ದಾಯಿ ಪನ್ನಾ. ಸಿಂಹಾಸನ ಕಬಳಿಸಲು ಬನವೀರ ಕತ್ತಿ ಹಿಡಿದು ಬಂದ ರಾತ್ರಿ, ಅವಳು ರಾಜಕುಮಾರನನ್ನು ಬುಟ್ಟಿಯಲ್ಲಿಟ್ಟು ಹೊರಗೆ ಸಾಗಿಸಿ, ಅವನ ಹಾಸಿಗೆಯಲ್ಲಿ ತನ್ನ ಮಗ ಚಂದನನನ್ನು ಮಲಗಿಸಿದಳೆಂದು ಮೇವಾಡ ಹೇಳುತ್ತದೆ. ಉಳಿದ ಆ ಮಗುವೇ ಮುಂದೆ ಉದಯಪುರ ಕಟ್ಟಿದ್ದು. ಅವನ ಮಗನೇ ರಾಣಾ ಪ್ರತಾಪ. ಪನ್ನಾ ಅಂದು ಸತ್ತಿದ್ದರೆ ಹಲ್ದಿಘಾಟಿಯೇ ಇರುತ್ತಿರಲಿಲ್ಲ. ಉದಯಪುರದ ಸರ್ಕಾರಿ ಮಹಿಳಾ ಆಸ್ಪತ್ರೆಗೆ ಅವಳ ಹೆಸರಿಟ್ಟಿದ್ದಾರೆ. ಅಲ್ಲಿ ಮಕ್ಕಳು ಹುಟ್ಟುತ್ತಾರೆ ಎಂಬುದು ನನಗೆ ಸಮಾಧಾನ. ಆದರೂ ಒಂದು ಮಾತು. ಚಂದನನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಆಮೇಲೆ ಎಷ್ಟು ರಾತ್ರಿ ನಿದ್ದೆ ಮಾಡಿದಳೋ ಯಾರೂ ಬರೆದಿಡಲಿಲ್ಲ. ಅವಳಿಗೂ ಚಪ್ಪಾಳೆ ತಟ್ಟಲು ನನ್ನ ಕೈ ಏಳುವುದಿಲ್ಲ. ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಬೇಕು ಅನ್ನಿಸುತ್ತದೆ.

ದೇವರಾಲಾದ ಘಟನೆಯಿಂದಾಗಿ 1987ರ ಸತಿ ತಡೆ ಕಾಯ್ದೆ ಬಂತು. ಸತಿಯನ್ನು ವೈಭವೀಕರಿಸುವುದೂ ಅಪರಾಧವಾಯಿತು. ಆದರೆ ಹಾಗೆ ವೈಭವೀಕರಿಸಿದ ಆರೋಪದ ಮೇಲಿದ್ದ ಎಂಟು ಮಂದಿಯನ್ನು 2024ರ ಅಕ್ಟೋಬರಿನಲ್ಲಿ ಜೈಪುರದ ನ್ಯಾಯಾಲಯ ಖುಲಾಸೆ ಮಾಡಿತು. ಆ ಸುದ್ದಿ ಓದಿ ಪತ್ರಿಕೆ ಮಡಿಸಿಡುವಾಗ ನನಗೆ ನನ್ನ ನಾಟಕವೇ ನೆನಪಾಯಿತು. ನಾನು ಮಾಡಿದ್ದೂ ವೈಭವೀಕರಣವೇ. ನನ್ನ ಮೇಲೆ ಕೇಸು ಹಾಕಿದವಳು ಒಬ್ಬಳೇ, ಆ ಹತ್ತನೇ ತರಗತಿಯ ಹುಡುಗಿ.

ಈಗವಳು ಐವತ್ತು ದಾಟಿರುತ್ತಾಳೆ. ಎಲ್ಲಿದ್ದಾಳೋ ತಿಳಿಯದು. ಯಾವುದೋ ಊರಿನ ಗ್ರಂಥಾಲಯದಲ್ಲಿ ಈ ಪುಸ್ತಕ ಅವಳ ಕೈಗೆ ಬಂದರೂ ಬಂದೀತು. ಅವಳಿಗೆ ನನ್ನ ತಡವಾದ ಉತ್ತರ ಇದು: ಇಲ್ಲಮ್ಮ, ತಟ್ಟಬಾರದು. ಕೋಟೆ ಬಿದ್ದ ರಾತ್ರಿ ಒಂದು ಕಡೆ ಗುಲಾಮಗಿರಿ, ಇನ್ನೊಂದು ಕಡೆ ಬೆಂಕಿ, ನಡುವೆ ದಾರಿಯೇ ಇಲ್ಲದೆ ಹೋದ ಆ ಹೆಣ್ಣುಮಕ್ಕಳಿಗೆ ಕೈಮುಗಿಯೋಣ. ದೇವರಾಲಾದ ಹುಡುಗಿಗಾಗಿ ಅಳೋಣ. ಆ ದಿನ ನೀನು ಕೇಳಿದ್ದು ಸಿಲಬಸ್ಸಿನೊಳಗಿನ ಪ್ರಶ್ನೆಯೇ ಆಗಿತ್ತು. ನಿನ್ನನ್ನು ಕೂರಿಸಿದ್ದು ನನ್ನ ತಪ್ಪು.