ಕಾವಲು, ಗೋಮಾಳ ಮತ್ತು ನಮ್ಮ ದನಗಳ ಮೇವು

ಸಂಘದ ಹಾಲಿನ ಲೆಕ್ಕ, ಲಾಭದ ಲೆಕ್ಕ ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಹಾಲು ಹುಟ್ಟುವುದು ಹುಲ್ಲಿನಿಂದ ತಾನೆ? ಆ ಹುಲ್ಲಿನ ಚರಿತ್ರೆ ನಾವು ಎರಡು ಮಾತು ಬರೆಯುತ್ತೇವೆ.

ವಿಜಯನಗರದ ಪ್ರತಿನಿಧಿಗಳಿದ್ದ ಕಾಲಕ್ಕೇ ಶ್ರೀರಂಗಪಟ್ಟಣದಲ್ಲಿ ಅರಮನೆಯ ದನದ ಹಟ್ಟಿ ಇತ್ತು. ಚಿಕ್ಕದೇವರಾಜ ಒಡೆಯರು (1672-1704) ಅದಕ್ಕೆ ಬೆಣ್ಣೆ ಚಾವಡಿ ಎಂದು ಹೆಸರಿಟ್ಟು ಕಾವಲುಗಳನ್ನು ಬಿಡಿಸಿಕೊಟ್ಟರು. ಟಿಪ್ಪು ಸುಲ್ತಾನ್ ಅದನ್ನೇ ಅಮೃತ ಮಹಲ್ ಎಂದು ಕರೆದನು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈಗೆ ಹೋಯಿತು.

ಕಾವಲುಗಳಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಅಂತ ಮೂರು ಬಗೆ. ಬೇಸಿಗೆ ಕಾವಲು ಎಂದರೆ ನೆರಳು, ಕೆರೆಯಂಗಳದ ಹಸುರು. ಓದು ಬರಹ ಬಾರದ ದನಗಾಹಿಗಳಿಗೂ ಇದರ ಮರ್ಮ ಗೊತ್ತಿತ್ತು. ಹೂ ಬಿಡುವ ಮುಂಚಿನ ಎಳೆ ಹುಲ್ಲಿನಲ್ಲಿ ಸಸಾರಜನಕ ಚೆನ್ನಾಗಿರುತ್ತದೆ. ಬೀಜ ಉದುರಿಸಿ ಕರಡವಾದ ಮೇಲೆ ಶೇಕಡ 3-4ಕ್ಕೆ ಇಳಿಯುತ್ತದೆ. ಶೇಕಡ 7ಕ್ಕಿಂತ ಕಡಿಮೆಯಾದರೆ ದನದ ಹೊಟ್ಟೆಯೊಳಗೆ ನಾರು ಕರಗಿಸುವ ಸೂಕ್ಷ್ಮಜೀವಿಗಳೇ ಸೊರಗುತ್ತವೆ. ಹೊಟ್ಟೆ ತುಂಬಿದರೂ ಮೈ ತುಂಬದು ಅನ್ನುವುದು ಇದಕ್ಕೇ. ಅಂಥ ಕಾಲದಲ್ಲಿ ಕುರಿ ಮೇಕೆಗಳು ಕರಿಜಾಲಿ ಕಾಯಿ ಹುಡುಕಿಕೊಂಡು ಹೋಗುವುದನ್ನು ನಾಗಮಂಗಲ ಕಡೆಯವರು ನೋಡಿಯೇ ಇರುತ್ತಾರೆ. ಆ ಕಾಯಿಯಲ್ಲಿ ಒಣಹುಲ್ಲಿಗಿಂತ ಹೆಚ್ಚು ಸಸಾರಜನಕವಿದೆ. ಅವಕ್ಕೆ ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ!

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯ ನಾಲೆ ಹರಿದು ಪಾಂಡವಪುರ, ಶ್ರೀರಂಗಪಟ್ಟಣದ ಬೆದ್ದಲು ಗದ್ದೆಯಾಯಿತು. ಅನ್ನ ಬಂತು, ಕಬ್ಬು ಬಂತು, ಸಂತೋಷವೇ. ಆದರೆ ಬೀಡು ಹೋಯಿತು, ರಾಗಿ ಮೆದೆಯ ಜಾಗದಲ್ಲಿ ಭತ್ತದ ಮೆದೆ ಕುಳಿತಿತು. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ ಜಾಸ್ತಿ, ಅದರ ಆಕ್ಸಲೇಟು ಸುಣ್ಣದ ಅಂಶವನ್ನು ಮೈಗೆ ಹತ್ತಗೊಡದು. ರಾಗಿ ಹುಲ್ಲಿಗೆ ಅದು ಸಮವಲ್ಲ. ಕೆ.ಆರ್. ಪೇಟೆ, ನಾಗಮಂಗಲದ ಬೆದ್ದಲಿನವರು ಈ ವಿಷಯದಲ್ಲಿ ನಮಗಿಂತ ಪುಣ್ಯವಂತರು. ಬೇಬಿ ಬೆಟ್ಟದ ಜಾತ್ರೆಯಲ್ಲೂ ಹೇಮಗಿರಿ ಜಾತ್ರೆಯಲ್ಲೂ ಜನ ಕಣ್ಣಿಟ್ಟು ನೋಡುವ ಹಳ್ಳಿಕಾರ್ ಜೋಡಿಗಳು ಇಂಥ ಒಣ ಸೀಮೆಯ ತಳಿ.

ಆಮೇಲೆ ಸೀಮೆ ಹಸು ಬಂತು. ಹಳ್ಳಿಕಾರ್ ಬಡಮೇವಿಗೂ ಬದುಕುತ್ತದೆ, ಹತ್ತು ಲೀಟರಿನ ಹಸು ಬದುಕುವುದಿಲ್ಲ. ಗೋಮಾಳ ಕರಗಿದಷ್ಟೂ ನಾವು ಹಿಂಡಿ ಚೀಲಕ್ಕೆ ದುಡ್ಡು ಸುರಿಯುತ್ತಿದ್ದೇವೆ. ಉಳಿದ ತುಂಡು ಗೋಮಾಳವನ್ನೂ ಒತ್ತುವರಿ ಮಾಡಿ, ಹಾಲಿಗೆ ಫ್ಯಾಟು ಬರಲಿಲ್ಲವೆಂದು ಡೇರಿ ಮುಂದೆ ಜಗಳ ಆಡುವುದು ನಮಗೆ ಸರಿ ಕಾಣದು.

ಭತ್ತದ ಹುಲ್ಲೇ ಗತಿ ಎನ್ನುವವರು 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ವಾಸನೆ ಹೋಗುವಷ್ಟು ಗಾಳಿಗೆ ಹರಡಿ, ಮೊದಮೊದಲು ಸ್ವಲ್ಪಸ್ವಲ್ಪವೇ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಬೇಡ.