ಕಟ್ಟಡಕ್ಕೂ ಮೊದಲು ತಂಡ: ಹೊಸ ಕೋಚ್ ಗೋಪಿಚಂದ್ ಅವರ ಆರಂಭದ ದಿನಗಳು ಹೇಗಿದ್ದವು?

ಹೈದರಾಬಾದ್: ಅಮೀರ್‌ಪೇಟ್‌ನಲ್ಲಿ 'ಕೋಚಿಂಗ್' ಎಂದರೆ ಯಾರಿಗೂ ಮೊದಲು ಆಟದ ಮೈದಾನ ನೆನಪಾಗುವುದಿಲ್ಲ. ಮೈತ್ರಿವನಂ ಸುತ್ತಮುತ್ತಲ ಗೋಡೆ, ಕಂಬ, ಮಹಡಿಗಳ ತುಂಬ ಜಾವಾ, ಪೈಥಾನ್, ಟೆಸ್ಟಿಂಗ್ ಕೋರ್ಸ್‌ಗಳ ಬೋರ್ಡುಗಳೇ. ಬೀದರ್, ಕಲಬುರಗಿ, ರಾಯಚೂರು ಕಡೆಯ ಎಂಜಿನಿಯರಿಂಗ್ ಪದವೀಧರರಿಗೂ ಈ ಬಡಾವಣೆ ಹೊಸದಲ್ಲ. ಕೆಲವು ತಿಂಗಳ ಕೋರ್ಸ್ ಮುಗಿಸಿ, ಸರ್ಟಿಫಿಕೇಟ್ ಹಿಡಿದು ಇಂಟರ್‌ವ್ಯೂಗೆ ಹೊರಡುವುದು ಇಲ್ಲಿನ ಲೆಕ್ಕ.

ಅದೇ ಅಮೀರ್‌ಪೇಟ್‌ನಲ್ಲಿ ಮೆಟ್ರೊದ ನೀಲಿ ಮಾರ್ಗ ಹಿಡಿದು ಪಶ್ಚಿಮದ ಕೊನೆಯ ನಿಲ್ದಾಣ ರಾಯದುರ್ಗದಲ್ಲಿ ಇಳಿದರೆ (ಬಳ್ಳಾರಿ ಪಕ್ಕದ ರಾಯದುರ್ಗವಲ್ಲ, ಇದು ಹೈದರಾಬಾದ್‌ನದೇ) ಗಚ್ಚಿಬೌಲಿ ಹತ್ತಿರ. ಅಲ್ಲಿ ನಡೆಯುವುದು ಇನ್ನೊಂದು ಬಗೆಯ ಕೋಚಿಂಗ್. ಫಲಿತಾಂಶಕ್ಕೆ ತಿಂಗಳಲ್ಲ, ಎಂಟು–ಹತ್ತು ವರ್ಷ ಕಾಯಬೇಕು. ಕಾದರೂ ಬರುತ್ತದೆಂಬ ಖಾತ್ರಿ ಇಲ್ಲ. ಪುಲ್ಲೇಲ ಗೋಪಿಚಂದ್ ಆಟಗಾರನ ಪಟ್ಟ ಬಿಟ್ಟು ಕೋಚ್ ಆಗಿ ನಿಂತಾಗ ಕೈಯಲ್ಲಿ ಇದ್ದದ್ದೇನು, ಇಲ್ಲದ್ದೇನು ಎಂಬುದನ್ನು ನೋಡಿದರೆ, ಒಂದು ಕ್ರೀಡಾ ವ್ಯವಸ್ಥೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಸ್ಪಷ್ಟವಾಗುತ್ತದೆ.

'ಪ್ರೋಗ್ರಾಂ' ಅಂದರೆ ಏನು?

ಈ ಪದಕ್ಕೆ ಬಲ ಬಂದದ್ದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಿಂದ. ಅಲ್ಲಿ ಆಟಗಾರರು ಕೆಲವು ವರ್ಷ ಆಡಿ ಹೊರಟುಹೋಗುತ್ತಾರೆ, ಉಳಿಯುವುದು ಕಾಲೇಜು ಮತ್ತು ಕೋಚ್. ಹುಡುಗರನ್ನು ಹುಡುಕುವುದು, ಅಭ್ಯಾಸದ ಶಿಸ್ತು, ಓದು, ಊಟ, ಹಣ ಎಲ್ಲ ಸೇರಿದ ಈ ಏರ್ಪಾಡನ್ನೇ ಅವರು 'ಪ್ರೋಗ್ರಾಂ' ಎನ್ನುತ್ತಾರೆ. ಹೊಸ ಹೆಡ್ ಕೋಚ್ ಬಂದ ಎಂದರೆ ಬರೀ ತಂಡಕ್ಕಲ್ಲ, ಈ ಇಡೀ ಏರ್ಪಾಡಿಗೆ ಯಜಮಾನ ಬಂದ ಎಂದರ್ಥ.

ಮೊದಲ ವರ್ಷಗಳು ಅಲ್ಲಿಯೂ ಸುಲಭವಲ್ಲ. ಜಾನ್ ವುಡನ್ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡಕ್ಕೆ ಕೋಚ್ ಆಗಿ ಬಂದದ್ದು 1948ರಲ್ಲಿ. ಜಿಮ್ನಾಸ್ಟಿಕ್ಸ್, ಕುಸ್ತಿಯವರ ಜೊತೆ ಹಂಚಿಕೊಂಡ ಹಳೆಯ ಜಿಮ್‌ನಲ್ಲಿ ಅಭ್ಯಾಸ. ಅಂಕಣದ ನೆಲವನ್ನು ಅವರೇ ಗುಡಿಸಿ ಒರೆಸುತ್ತಿದ್ದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು 1964ರಲ್ಲಿ, ಅಂದರೆ 16ನೇ ಋತುವಿನಲ್ಲಿ. ಕಾಲೇಜಿನ ದೊಡ್ಡ ಕ್ರೀಡಾಂಗಣ ತೆರೆದದ್ದು ಅದಕ್ಕೂ ಮರುವರ್ಷ. ಆಮೇಲಿನ ಕಥೆ ಎಲ್ಲರಿಗೂ ಗೊತ್ತು: 12 ವರ್ಷಗಳಲ್ಲಿ 10 ಪ್ರಶಸ್ತಿ. ಡ್ಯೂಕ್ ವಿಶ್ವವಿದ್ಯಾಲಯಕ್ಕೆ 1980ರಲ್ಲಿ ಬಂದ ಮೈಕ್ ಶೆಶೆವ್ಸ್ಕಿ ಮೊದಲ ಮೂರು ಋತುಗಳಲ್ಲಿ ಗೆದ್ದದ್ದು 38 ಪಂದ್ಯ, ಸೋತದ್ದು 47. ಮೊದಲ ಪ್ರಶಸ್ತಿಗೆ 1991ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಕಾಲೇಜುಗಳು ಈ ಕೆಲಸ ಮಾಡುವುದಿಲ್ಲ. ಅಂತರ ವಿಶ್ವವಿದ್ಯಾಲಯ ಟೂರ್ನಿ ಇದೆ, ಕ್ರೀಡಾ ಕೋಟಾ ಇದೆ, ಆದರೆ ಹತ್ತು ವರ್ಷದ ಮಗುವನ್ನು ಹಿಡಿದು ಒಲಿಂಪಿಕ್ಸ್‌ವರೆಗೆ ಒಯ್ಯುವ ಹೊಣೆ ಕಾಲೇಜಿನದಲ್ಲ. ಹಾಗಾಗಿ ಇಲ್ಲಿ ಆ ಜಾಗವನ್ನು ತುಂಬಿದ್ದು ಅಕಾಡೆಮಿಗಳು.

ಬೆಂಗಳೂರಿನಲ್ಲಿ ಕಲಿತ ಪಾಠ

ಗೋಪಿಚಂದ್ ಹುಟ್ಟಿದ್ದು 1973ರ ನವೆಂಬರ್ 16ರಂದು, ಆಂಧ್ರದ ಪ್ರಕಾಶಂ ಜಿಲ್ಲೆಯ ನಾಗಂಡ್ಲದಲ್ಲಿ. ಹೈದರಾಬಾದ್‌ನಲ್ಲಿ ಎಸ್.ಎಂ. ಆರಿಫ್ ಅವರ ಗರಡಿಯಲ್ಲಿ ಆಟ ಕಲಿತರು. ನಂತರ ಬಂದದ್ದು ಬೆಂಗಳೂರಿಗೆ. ಪ್ರಕಾಶ್ ಪಡುಕೋಣೆ 1994ರಲ್ಲಿ ವಿಮಲ್ ಕುಮಾರ್ ಅವರ ಜೊತೆಗೂಡಿ ತೆರೆದ ಅಕಾಡೆಮಿಯಲ್ಲಿ ಅಭ್ಯಾಸ, ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಗಂಗೂಲಿ ಪ್ರಸಾದ್ ಅವರ ಮಾರ್ಗದರ್ಶನ. ಅದೇ 1994ರಲ್ಲಿ ಪುಣೆ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆಯ ಬಳಿಕ 1996ರಿಂದ 2000ದವರೆಗೆ ಸತತ ಐದು ಬಾರಿ ರಾಷ್ಟ್ರೀಯ ಚಾಂಪಿಯನ್. 2001ರ ಮಾರ್ಚ್‌ನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15–12, 15–6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. 1980ರಲ್ಲಿ ಪಡುಕೋಣೆ ಗೆದ್ದ ನಂತರ ಆ ಪ್ರಶಸ್ತಿ ಭಾರತಕ್ಕೆ ಬರಲು 21 ವರ್ಷ ಬೇಕಾಯಿತು.

ಈ 21 ವರ್ಷದ ಅಂತರವೇ ನಿಜವಾದ ಸಮಸ್ಯೆ. ಪಡುಕೋಣೆ ಒಬ್ಬ, ಗೋಪಿಚಂದ್ ಇನ್ನೊಬ್ಬ. ಇಬ್ಬರ ನಡುವೆ ಸರಪಳಿ ಇರಲಿಲ್ಲ. ಗೆದ್ದವರು ತಮ್ಮ ಪ್ರತಿಭೆ, ಹಟ, ಅದೃಷ್ಟದಿಂದ ಗೆದ್ದರು. ಅವರ ಹಿಂದೆ ಸಾಲುಗಟ್ಟಿ ಬರುವವರು ಕಾಣಲಿಲ್ಲ.

ಜಮೀನು ಇತ್ತು, ಹಣ ಇರಲಿಲ್ಲ

2003ರಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ಗಚ್ಚಿಬೌಲಿಯಲ್ಲಿ ಐದು ಎಕರೆ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಜಾಗ ಸಿಕ್ಕ ಮಾತ್ರಕ್ಕೆ ಅಕಾಡೆಮಿ ಎದ್ದು ನಿಲ್ಲುವುದಿಲ್ಲ. ಆ ಹೊತ್ತಿಗೆ ಬ್ಯಾಡ್ಮಿಂಟನ್‌ಗೆ ಕೋಟಿಗಟ್ಟಲೆ ಹಾಕುವ ಪ್ರಾಯೋಜಕರು ಸುಲಭವಾಗಿ ಸಿಗುತ್ತಿರಲಿಲ್ಲ. ಆಲ್ ಇಂಗ್ಲೆಂಡ್ ಗೆದ್ದ ಬಳಿಕ ಬಂದಿದ್ದ ತಂಪು ಪಾನೀಯದ ಜಾಹೀರಾತನ್ನು, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಗೋಪಿಚಂದ್ ಅದಾಗಲೇ ನಿರಾಕರಿಸಿದ್ದರು. ಕೊನೆಗೆ ಕುಟುಂಬದ ಮನೆಯನ್ನೇ ಅಡವಿಟ್ಟರು. ಉದ್ಯಮಿ ನಿಮ್ಮಗಡ್ಡ ಪ್ರಸಾದ್ 5 ಕೋಟಿ ರೂಪಾಯಿ ಕೊಟ್ಟರು. ಒಲಿಂಪಿಕ್ಸ್ ಪದಕ ತರಬೇಕು ಎಂಬುದು ಅವರು ಇಟ್ಟ ಷರತ್ತು. ಅಕಾಡೆಮಿಯ ಕಟ್ಟಡ ಸಿದ್ಧವಾದದ್ದು 2008ರಲ್ಲಿ.

ಬ್ಯಾಡ್ಮಿಂಟನ್ ಯಾಕೆ ಇಷ್ಟು ದುಬಾರಿ ಎಂದು ಕೇಳುವವರಿದ್ದಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಹತ್ತು ಮಂದಿ ಒಂದು ಚೆಂಡಿನಲ್ಲಿ ತಿಂಗಳುಗಟ್ಟಲೆ ಆಡಬಹುದು, ಬಯಲಿನ ಸಿಮೆಂಟ್ ಅಂಕಣವೂ ನಡೆಯುತ್ತದೆ. ಶಟಲ್ ಹಾಗಲ್ಲ. 16 ಗರಿ, ತೂಕ 5 ಗ್ರಾಂ ಆಸುಪಾಸು, ನಾಲ್ಕು ಜೋರಾದ ಸ್ಮ್ಯಾಷ್ ಬಿದ್ದರೆ ಗರಿ ಮುರಿಯುತ್ತದೆ. ಸ್ವಲ್ಪ ಗಾಳಿ ಬೀಸಿದರೂ ಆಟ ಕೆಡುವುದರಿಂದ ಒಳಾಂಗಣವೇ ಬೇಕು, ಚಾವಣಿ ಎತ್ತರವಾಗಿರಬೇಕು, ನೆಲ ಮರದ್ದಾಗಿರಬೇಕು. ಕೋಚ್ ಒಂದರ ಹಿಂದೊಂದು ಶಟಲ್ ಎಸೆಯುತ್ತ ಹೋಗುವ ಅಭ್ಯಾಸವೊಂದಿದೆ. ಒಬ್ಬ ಆಟಗಾರ ಒಂದು ಅವಧಿಯಲ್ಲಿ ನೂರಾರು ಶಟಲ್ ಹೊಡೆಯಬೇಕು. ಮಧ್ಯಮ ವರ್ಗದ ಕುಟುಂಬವೊಂದು ಈ ಖರ್ಚನ್ನು ವರ್ಷಾನುಗಟ್ಟಲೆ ಹೊರುವುದು ಕಷ್ಟ. ಪ್ರತಿಭೆ ಇದ್ದೂ ಮಕ್ಕಳು ಹಿಂದೆ ಸರಿಯುವುದಕ್ಕೆ ಇದೇ ದೊಡ್ಡ ಕಾರಣ.

ಕಟ್ಟಡ ಬರುವ ಮೊದಲೇ ಮಕ್ಕಳು

ಆದರೆ ಗೋಪಿಚಂದ್ 2008ರವರೆಗೆ ಕಾಯಲಿಲ್ಲ. ಈ ಕಥೆಯಲ್ಲಿ ಮುಖ್ಯವಾದ ವಿಷಯ ಇದು. 2004ರ ಸುಮಾರಿಗೇ ಗಚ್ಚಿಬೌಲಿಯ ಸರ್ಕಾರಿ ಒಳಾಂಗಣ ಕ್ರೀಡಾಂಗಣದಲ್ಲಿ ಸಣ್ಣ ಗುಂಪೊಂದಕ್ಕೆ ತರಬೇತಿ ಶುರುವಾಗಿತ್ತು. ನಸುಕಿನಲ್ಲೇ, ನಗರ ಇನ್ನೂ ಏಳುವ ಮೊದಲು ಅಭ್ಯಾಸ. ಮಕ್ಕಳಿಗಿಂತ ಮುಂಚೆ ಕೋಚ್ ಅಂಕಣದಲ್ಲಿರಬೇಕು ಎಂಬುದು ನಿಯಮ.

ಆರಂಭದ ವರ್ಷಗಳಲ್ಲಿ ಅವರ ಕೈಗೆ ಬಂದವರು ಯಾರು ಎಂದು ನೋಡಿ. ಹರಿಯಾಣದ ಹಿಸಾರ್‌ನಿಂದ ಹೈದರಾಬಾದ್‌ಗೆ ಬಂದ ಕುಟುಂಬದ ಹುಡುಗಿ ಸೈನಾ ನೆಹ್ವಾಲ್, ಲಾಲ್ ಬಹದ್ದೂರ್ ಕ್ರೀಡಾಂಗಣದಲ್ಲಿ ನಾನಿ ಪ್ರಸಾದ್ ರಾವ್, ಆರಿಫ್ ಅವರ ಬಳಿ ಕಲಿತವಳು. ಅದೇ ಆರಿಫ್ ಗರಡಿಯಿಂದ ಬಂದ ಪರುಪಳ್ಳಿ ಕಶ್ಯಪ್. ಸಿಕಂದರಾಬಾದ್‌ನ ರೈಲ್ವೆ ಸಂಸ್ಥೆಯ ಅಂಕಣದಲ್ಲಿ ಮೆಹಬೂಬ್ ಅಲಿ ಅವರ ಬಳಿ ಆಟ ಶುರುಮಾಡಿದ್ದ ಪಿ.ವಿ. ಸಿಂಧು. ಸಿಂಧು ಮನೆಯಿಂದ ತರಬೇತಿಗೆ ಹೋಗಿಬರಲು ದಿನಕ್ಕೆ 56 ಕಿ.ಮೀ. ತಂದೆ ಪಿ.ವಿ. ರಮಣ 1986ರ ಏಷ್ಯನ್ ಗೇಮ್ಸ್ ಕಂಚು ಗೆದ್ದ ವಾಲಿಬಾಲ್ ತಂಡದ ಆಟಗಾರ. ಈ ಓಡಾಟದ ಬೆಲೆ ಅವರಿಗೆ ಗೊತ್ತಿತ್ತು. ಎಲ್ಲ ಮನೆಗಳಲ್ಲೂ ಹಾಗೆ ಗೊತ್ತಿರುವವರು ಇರುವುದಿಲ್ಲ.

ಹೀಗಾಗಿ 'ಗೋಪಿಚಂದ್ ಎಲ್ಲವನ್ನೂ ಸೊನ್ನೆಯಿಂದ ಕಟ್ಟಿದರು' ಎಂಬ ಮಾತು ಪೂರ್ತಿ ಸರಿಯಲ್ಲ. ನಗರದಲ್ಲಿ ಆರಿಫ್ ಅವರಂಥವರು ದಶಕಗಳ ಕಾಲ ಮಕ್ಕಳಿಗೆ ರ‍್ಯಾಕೆಟ್ ಹಿಡಿಯಲು ಕಲಿಸಿದ್ದರು. 2000ದ ದ್ರೋಣಾಚಾರ್ಯ ಪ್ರಶಸ್ತಿ ಆರಿಫ್ ಅವರಿಗೆ ಸಂದಿತ್ತು. ಗೋಪಿಚಂದ್ ಮಾಡಿದ್ದು ಆ ಮಕ್ಕಳನ್ನು ವಿಶ್ವಮಟ್ಟದ ದಿನಚರಿಗೆ ಒಗ್ಗಿಸಿದ್ದು. ಸುಮ್ಮನೆ ಕಲಿಸುವುದಕ್ಕೂ ಗೆಲ್ಲುವಂತೆ ಕಲಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

2006ರಲ್ಲಿ, 32ರ ವಯಸ್ಸಿನಲ್ಲಿ, ಅವರು ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದರು. ಅದೇ ವರ್ಷ 16ರ ಸೈನಾ ಫಿಲಿಪ್ಪೀನ್ಸ್ ಓಪನ್ ಗೆದ್ದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್, ಅದೇ ವರ್ಷ ವಿಶ್ವ ಜೂನಿಯರ್ ಪ್ರಶಸ್ತಿ, 2009ರಲ್ಲಿ ಇಂಡೊನೇಷ್ಯಾ ಓಪನ್. ಭಾರತಕ್ಕೆ ಅದು ಮೊದಲ ಸೂಪರ್ ಸೀರೀಸ್ ಕಿರೀಟ. ಆ ವರ್ಷ ಗೋಪಿಚಂದ್ ಅವರಿಗೂ ದ್ರೋಣಾಚಾರ್ಯ ಪ್ರಶಸ್ತಿ ಬಂತು. ವಿಶ್ವ ಚಾಂಪಿಯನ್‌ಷಿಪ್ ಹೈದರಾಬಾದ್‌ನಲ್ಲೇ ನಡೆದದ್ದೂ 2009ರ ಆಗಸ್ಟ್‌ನಲ್ಲೇ.

ಹುಡುಗನ ಆಟವನ್ನೇ ಬದಲಿಸಿದ ನಿರ್ಧಾರ

ಕೋಚ್ ಕೆಲಸ ಬರೀ ಓಡಿಸುವುದಲ್ಲ, ಯಾರು ಎಲ್ಲಿ ಆಡಬೇಕು ಎಂದು ಗುರುತಿಸುವುದೂ ಹೌದು. ಅಣ್ಣ ನಂದಗೋಪಾಲ್ ಹಾದಿಯಲ್ಲಿ ಗುಂಟೂರು ಕಡೆಯಿಂದ ಅಕಾಡೆಮಿಗೆ ಬಂದ ಕಿಡಂಬಿ ಶ್ರೀಕಾಂತ್ ಮೊದಲು ಡಬಲ್ಸ್ ಆಟಗಾರ. ಗೋಪಿಚಂದ್ ಆತನನ್ನು ಸಿಂಗಲ್ಸ್‌ಗೆ ತಿರುಗಿಸಿದರು. 2014ರಲ್ಲಿ ಶ್ರೀಕಾಂತ್ ಚೀನಾ ಓಪನ್ ಫೈನಲ್‌ನಲ್ಲಿ ಲಿನ್ ಡಾನ್ ಅವರನ್ನು ಅವರದೇ ನೆಲದಲ್ಲಿ ಸೋಲಿಸಿದರು, 2017ರಲ್ಲಿ ನಾಲ್ಕು ಸೂಪರ್ ಸೀರೀಸ್ ಗೆದ್ದರು, 2018ರ ಏಪ್ರಿಲ್‌ನಲ್ಲಿ ವಿಶ್ವದ ನಂಬರ್ 1 ಆದರು.

2012ರ ಲಂಡನ್‌ನಲ್ಲಿ ಸೈನಾಗೆ ಕಂಚು ಸಿಕ್ಕಿತು, ಪ್ರಸಾದ್ ಅವರ ಷರತ್ತು ಈಡೇರಿತು. ನಾಲ್ಕು ವರ್ಷದ ನಂತರ ರಿಯೊದಲ್ಲಿ ಸಿಂಧು ಬೆಳ್ಳಿ ಗೆದ್ದರು. ಫೈನಲ್‌ನಲ್ಲಿ ಸ್ಪೇನ್‌ನ ಕ್ಯಾರೊಲಿನಾ ಮರಿನ್ ಎದುರು ಮೊದಲ ಗೇಮ್ ಗೆದ್ದು ಸೋತಿದ್ದರು. ಮೂರು ತಿಂಗಳು ಸಿಂಧು ಕೈಗೆ ಮೊಬೈಲ್ ಕೊಟ್ಟಿರಲಿಲ್ಲ, ಐಸ್‌ಕ್ರೀಂ ತಿನ್ನಲು ಬಿಟ್ಟಿರಲಿಲ್ಲ ಎಂದು ಗೋಪಿಚಂದ್ ಆಮೇಲೆ ಹೇಳಿದ್ದು ದೇಶದ ತುಂಬ ಸುದ್ದಿಯಾಯಿತು. ಈ ಮೊಬೈಲ್ ಕಥೆಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಅದರ ಹಿಂದಿನ ಹನ್ನೆರಡು ವರ್ಷದ ನಸುಕಿನ ಅಭ್ಯಾಸಕ್ಕೆ ಸಿಗಲಿಲ್ಲ.

ಅಸಮಾಧಾನಗಳೂ ಇದ್ದವು

ಒಬ್ಬರೇ ರಾಷ್ಟ್ರೀಯ ಕೋಚ್, ಅವರೇ ಖಾಸಗಿ ಅಕಾಡೆಮಿಯ ಮುಖ್ಯಸ್ಥ. ಇದು ಸರಿಯೇ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಡಬಲ್ಸ್ ಆಟಗಾರ್ತಿ ಜ್ವಾಲಾ ಗುಟ್ಟಾ ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಸಿಂಗಲ್ಸ್‌ಗೆ ಸಿಕ್ಕ ಗಮನ ಡಬಲ್ಸ್‌ಗೆ ಸಿಗಲಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. ಜ್ವಾಲಾ ಮತ್ತು ಕೊಡಗಿನ ಅಶ್ವಿನಿ ಪೊನ್ನಪ್ಪ ಜೋಡಿ 2010ರ ಕಾಮನ್‌ವೆಲ್ತ್ ಚಿನ್ನ, 2011ರ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಿದ್ದರೂ ಡಬಲ್ಸ್‌ಗೆ ಮಲೇಷ್ಯಾದ ಟಾನ್ ಕಿಮ್ ಹರ್ ಅವರಂಥ ತಜ್ಞ ಕೋಚ್ ಬಂದದ್ದು 2015ರಲ್ಲಿ. ಸಾತ್ವಿಕ್‌ಸಾಯಿರಾಜ್ ಮತ್ತು ಚಿರಾಗ್ ಶೆಟ್ಟಿ ಅವರನ್ನು ಜೋಡಿ ಮಾಡಿದ್ದು ಅವರೇ.

ಇನ್ನೊಂದು ಪೆಟ್ಟು ಮನೆಯೊಳಗಿನದು. 2014ರ ಸೆಪ್ಟೆಂಬರ್‌ನಲ್ಲಿ ಸೈನಾ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ, ವಿಮಲ್ ಕುಮಾರ್ ಅವರ ಬಳಿಗೆ ಬಂದರು. ಮರುವರ್ಷವೇ ವಿಶ್ವ ನಂಬರ್ 1 ಆದರು, ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದರು. ಆ ನಿರ್ಗಮನ ತಮಗೆ ಎಷ್ಟು ನೋವು ಕೊಟ್ಟಿತ್ತು ಎಂಬುದನ್ನು ಗೋಪಿಚಂದ್ 2020ರಲ್ಲಿ ಪ್ರಕಟವಾದ ಒಲಿಂಪಿಕ್ಸ್ ಕುರಿತ ಪುಸ್ತಕವೊಂದರಲ್ಲಿ ಹೇಳಿಕೊಂಡಿದ್ದಾರೆ. ಸೈನಾ 2017ರಲ್ಲಿ ಗಚ್ಚಿಬೌಲಿಗೆ ಮರಳಿದರು.

ಪ್ರೋಗ್ರಾಂ ಎನ್ನುವುದರ ಪರೀಕ್ಷೆ ಆಗುವುದು ಇಂಥ ಹೊತ್ತಿನಲ್ಲೇ. ಸೈನಾ ಇಲ್ಲದ ಆ ಮೂರು ವರ್ಷದಲ್ಲಿ ಸಿಂಧು ರಿಯೊ ಫೈನಲ್ ತಲುಪಿದರು, ಶ್ರೀಕಾಂತ್ ಮೇಲೆ ಬಂದರು. 2019ರಲ್ಲಿ ಬಿ. ಸಾಯಿ ಪ್ರಣೀತ್ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದರು. ಪುರುಷರ ಸಿಂಗಲ್ಸ್‌ನಲ್ಲಿ 1983ರ ಪಡುಕೋಣೆ ಕಂಚಿನ ನಂತರ ಅದೇ ಮೊದಲನೆಯದು. ಅದೇ ಕೂಟದಲ್ಲಿ ಸಿಂಧು ಚಿನ್ನ ಗೆದ್ದರು.

2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ 14 ಬಾರಿಯ ಚಾಂಪಿಯನ್ ಇಂಡೊನೇಷ್ಯಾವನ್ನು 3–0ರಿಂದ ಸೋಲಿಸಿ ಭಾರತ ಮೊದಲ ಬಾರಿಗೆ ಥಾಮಸ್ ಕಪ್ ಎತ್ತಿತು. ಆ ದಿನ ಮೊದಲ ಸಿಂಗಲ್ಸ್ ಗೆದ್ದ ಲಕ್ಷ್ಯ ಸೇನ್ ಬೆಂಗಳೂರಿನ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದವರು. ಗೆಲುವಿನ ಅಂಕ ತಂದ ಶ್ರೀಕಾಂತ್ ಗಚ್ಚಿಬೌಲಿಯವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಸಿಂಧು ಸಿದ್ಧತೆ ನಡೆಸಿದ್ದು ಬೆಂಗಳೂರಿನಲ್ಲಿ, ಗೋಪಿಚಂದ್ ಒಮ್ಮೆ ಶಿಷ್ಯನಾಗಿ ನಿಂತಿದ್ದ ಅದೇ ಪ್ರಕಾಶ್ ಪಡುಕೋಣೆ ಅವರ ಮಾರ್ಗದರ್ಶನದಲ್ಲಿ.