ಮೊಬೈಲ್ ಪ್ರೊಸೆಸರ್: ಬದಲಾಗುತ್ತ ಬಂದ ಅಳತೆಗೋಲು

ಇಂದು ಮಾರಾಟವಾಗುವ ಸ್ಮಾರ್ಟ್‌ಫೋನುಗಳ ಪ್ರೊಸೆಸರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆರ್ಮ್ ಎಂಬ ಒಂದೇ ವಂಶಕ್ಕೆ ಸೇರಿದವು. ಈ ವಂಶದ ಮೂಲ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿದೆ. 1981ರಲ್ಲಿ ಬಿಬಿಸಿ ಮೈಕ್ರೊ ಎಂಬ ಶಾಲಾ ಕಂಪ್ಯೂಟರಿನಿಂದ ಹೆಸರು ಮಾಡಿದ್ದ ಏಕಾರ್ನ್‌ಗೆ, ಮುಂದಿನ ಯಂತ್ರಕ್ಕೆ ಹೊಂದುವ ಪ್ರೊಸೆಸರ್ ಮಾರುಕಟ್ಟೆಯಲ್ಲಿ ಕಾಣಲಿಲ್ಲ. 1983ರಲ್ಲಿ ಅದು ತನ್ನದೇ ಪ್ರೊಸೆಸರ್ ರೂಪಿಸಲು ಹೊರಟಿತು. ಸೋಫಿ ವಿಲ್ಸನ್ ಆದೇಶಗಳ ಪಟ್ಟಿಯನ್ನೂ ಸ್ಟೀವ್ ಫರ್ಬರ್ ಒಳರಚನೆಯನ್ನೂ ಸಿದ್ಧಪಡಿಸಿದರು. ಮೊದಲ ಚಿಪ್ 1985ರ ಏಪ್ರಿಲ್ 26ರಂದು ಕೈಸೇರಿತು. ಅದರಲ್ಲಿದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್; ಅದೇ ವರ್ಷ ಬಂದ ಇಂಟೆಲ್‌ನ 80386ರಲ್ಲಿ 2,75,000 ಇದ್ದವು.

ಫೋನಿಗಾಗಿ ಈ ಚಿಪ್ ಹುಟ್ಟಲಿಲ್ಲ. ಅಗ್ಗದ ಪ್ಲಾಸ್ಟಿಕ್ ಕವಚದಲ್ಲಿ ಕೂರಿಸಿದರೆ ಖರ್ಚು ಉಳಿಯುತ್ತದೆ, ಹಾಗೆ ಕೂರಿಸಬೇಕಾದರೆ ಚಿಪ್ ಬಿಸಿಯೇರಬಾರದು, ಅದಕ್ಕೆ ವಿದ್ಯುತ್ ಬಳಕೆ ಒಂದು ವಾಟ್ ಮೀರಬಾರದು ಎಂಬುದಷ್ಟೇ ಲೆಕ್ಕಾಚಾರ. ಫಲಿತಾಂಶ ಲೆಕ್ಕಾಚಾರವನ್ನೂ ಮೀರಿತು. ಮೊದಲ ಚಿಪ್ಪಿನ ವಿದ್ಯುತ್ ಬಳಕೆಯನ್ನು ಅಳೆದಾಗ ಮೀಟರ್ ಸೊನ್ನೆ ತೋರಿಸಿತು. ಬೋರ್ಡಿನಲ್ಲಿದ್ದ ದೋಷದಿಂದ ಪ್ರೊಸೆಸರ್‌ಗೆ ವಿದ್ಯುತ್ ಸಂಪರ್ಕವೇ ಆಗಿರಲಿಲ್ಲ. ಪಕ್ಕದ ಬಿಡಿಭಾಗಗಳ ಸಂಕೇತ ತಂತಿಗಳಿಂದ ಸೋರಿಬಂದ ಅಲ್ಪ ವಿದ್ಯುತ್ತಿನಲ್ಲೇ ಅದು ಓಡುತ್ತಿತ್ತು.

1990ರಲ್ಲಿ ಏಕಾರ್ನ್, ಆಪಲ್ ಮತ್ತು ಚಿಪ್ ತಯಾರಕ ವಿಎಲ್‌ಎಸ್‌ಐ ಸೇರಿ ಆರ್ಮ್ ಅನ್ನು ಪ್ರತ್ಯೇಕ ಕಂಪನಿಯಾಗಿ ಕಟ್ಟಿದವು. ಇದು ಚಿಪ್ ತಯಾರಿಸದೆ ವಿನ್ಯಾಸದ ಪರವಾನಗಿಯನ್ನಷ್ಟೇ ಮಾರಿತು. ಪರವಾನಗಿ ಪಡೆದ ಕಂಪನಿಗಳು ಆ ವಿನ್ಯಾಸಕ್ಕೆ ತಮ್ಮ ಗ್ರಾಫಿಕ್ಸ್, ಮೋಡೆಮ್, ಮೆಮೊರಿ ನಿಯಂತ್ರಕಗಳನ್ನು ಜೋಡಿಸಿ ತಮ್ಮದೇ ಹೆಸರಿನಲ್ಲಿ ಚಿಪ್ ಹೊರತಂದವು. ಒಂದೇ ಬಗೆಯ ಕೋರ್, ಅಂದರೆ ಆದೇಶಗಳನ್ನು ನಡೆಸುವ ಭಾಗ, ಇಟ್ಟುಕೊಂಡ ಎರಡು ಚಿಪ್‌ಗಳು ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಅಲ್ಲಿಂದಲೇ ಶುರು.

ಮೊಬೈಲ್‌ಗೆ ದಾರಿ ತೆರೆದದ್ದು 1994ರ ಆರ್ಮ್7ಟಿಡಿಎಂಐ. ಆಗ ಫೋನಿನ ಮೆಮೊರಿ ದುಬಾರಿ. 32 ಬಿಟ್ ಆದೇಶಗಳನ್ನು 16 ಬಿಟ್‌ಗೆ ಕುಗ್ಗಿಸಿ ಬರೆಯುವ ಥಂಬ್ ಎಂಬ ವಿಧಾನದಿಂದ ಸಾಫ್ಟ್‌ವೇರ್ ಕಡಿಮೆ ಜಾಗದಲ್ಲಿ ಹಿಡಿಯಿತು. 1997ರ ನೋಕಿಯಾ 6110ರಲ್ಲಿದ್ದದ್ದು ಈ ಕೋರ್. ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. ಈ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು. ಮುಂದೆ ಆರ್ಮ್, ಕ್ವಾಲ್‌ಕಾಮ್, ಸ್ಯಾಮ್‌ಸಂಗ್, ಮೀಡಿಯಾಟೆಕ್ ಕಂಪನಿಗಳ ಎಂಜಿನಿಯರುಗಳೂ ಇದೇ ನಗರದಲ್ಲಿ ಚಿಪ್ ವಿನ್ಯಾಸದ ಕೆಲಸಕ್ಕೆ ಕೂತರು.

ಕೀಪ್ಯಾಡ್ ಫೋನುಗಳ ಕಾಲದಲ್ಲಿ ಪ್ರೊಸೆಸರ್ ಯಾವುದೆಂದು ಕೊಳ್ಳುವವರು ಕೇಳುತ್ತಿರಲಿಲ್ಲ. ಸಾಫ್ಟ್‌ವೇರ್ ಆಯಾ ಮಾದರಿಗೆಂದೇ ಬರೆದದ್ದು, ಕೆಲಸಗಳು ಎಣಿಕೆಯವು. ಹೊರಗಿನವರು ಬರೆದ ಆಪ್‌ಗಳು ಫೋನಿಗೆ ನುಗ್ಗತೊಡಗಿದ ಮೇಲೆ ವೇಗದ ಪ್ರಶ್ನೆ ಎದ್ದಿತು.

ಮೆಗಾಹರ್ಟ್ಸ್‌ನಿಂದ ಗಿಗಾಹರ್ಟ್ಸ್‌ಗೆ

2007ರಲ್ಲಿ ಬಂದ ಎರಡು ಫೋನುಗಳು ಈ ಚರಿತ್ರೆಯ ಮೊದಲ ಒಳ್ಳೆಯ ಹೋಲಿಕೆ ಒದಗಿಸುತ್ತವೆ. ನೋಕಿಯಾ ಎನ್95ರಲ್ಲಿ ಸುಮಾರು 330 ಮೆಗಾಹರ್ಟ್ಸ್‌ನ, ಮೊದಲ ಐಫೋನಿನಲ್ಲಿ 412 ಮೆಗಾಹರ್ಟ್ಸ್‌ನ ಪ್ರೊಸೆಸರ್ ಇತ್ತು; ಎರಡೂ ಆರ್ಮ್11 ಪೀಳಿಗೆಯವು. ಕಾಗದದ ಮೇಲಿನ ಈ ಅಂತರ, ಕೈಯಲ್ಲಿ ಹಿಡಿದಾಗ ಅನುಭವಕ್ಕೆ ಬರುತ್ತಿದ್ದ ಅಂತರಕ್ಕಿಂತ ಬಹಳ ಚಿಕ್ಕದು. ಐಫೋನಿನ ಸಾಫ್ಟ್‌ವೇರ್ ಬೆರಳಿನ ಚಲನೆಗೆ ಮೊದಲ ಮನ್ನಣೆ ಕೊಟ್ಟು, ಪರದೆ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ವಹಿಸಿತ್ತು. ಮರುವರ್ಷ ಬಂದ ಮೊದಲ ಆಂಡ್ರಾಯ್ಡ್ ಫೋನು ಜಿ1ರಲ್ಲಿ 528 ಮೆಗಾಹರ್ಟ್ಸ್‌ನ ಕ್ವಾಲ್‌ಕಾಮ್ ಚಿಪ್ ಇದ್ದರೂ ಪರದೆ ಜಾರಿಸುವಾಗ ತಡವರಿಕೆ ತಪ್ಪಲಿಲ್ಲ. ಆಂಡ್ರಾಯ್ಡ್‌ನ ಈ ದೋಷಕ್ಕೆ ಗಟ್ಟಿಯಾದ ಪರಿಹಾರ ದೊರೆತದ್ದು 2012ರ 4.1 ಆವೃತ್ತಿಯಲ್ಲಿ. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ತಪ್ಪದೆ ಬದಲಾಗುವಂತೆ, ಬೆರಳು ತಾಗಿದೊಡನೆ ಪ್ರೊಸೆಸರ್ ವೇಗ ಏರುವಂತೆ ಗೂಗಲ್ ವ್ಯವಸ್ಥೆ ಮಾಡಿತು.

ಐಫೋನಿನ ಚಿಪ್ಪಿಗಾಗಿ ಆಪಲ್ ಮೊದಲು ಇಂಟೆಲ್ ಅನ್ನು ಕೇಳಿತ್ತು. ಆಪಲ್ ಕೊಡಲು ಒಪ್ಪಿದ ಬೆಲೆ ತಯಾರಿಕೆಯ ಅಂದಾಜು ವೆಚ್ಚಕ್ಕಿಂತ ಕಡಿಮೆಯೆಂದು ಇಂಟೆಲ್ ಒಲ್ಲೆನೆಂದಿತು. ಆ ಅಂದಾಜೇ ತಪ್ಪಾಗಿತ್ತೆಂದು ಅದರ ಮುಖ್ಯಸ್ಥ ಪಾಲ್ ಒಟೆಲ್ಲಿನಿ 2013ರಲ್ಲಿ ಒಪ್ಪಿಕೊಂಡರು. ತನ್ನ ಆರ್ಮ್ ವಿಭಾಗವನ್ನು ಇಂಟೆಲ್ 2006ರಲ್ಲೇ 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿತ್ತು. ತಡವಾಗಿ ಮರಳಿದಾಗ ಅದರ ಪ್ರಯೋಗಭೂಮಿಯಾದದ್ದು ಭಾರತ: ಇಂಟೆಲ್ ಆಟಮ್ ಚಿಪ್ಪಿನ ಮೊದಲ ಸ್ಮಾರ್ಟ್‌ಫೋನ್, ಲಾವಾ ಕಂಪನಿಯ ಝೋಲೊ ಎಕ್ಸ್900, 2012ರ ಏಪ್ರಿಲ್‌ನಲ್ಲಿ ಇಲ್ಲಿ ಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಆಪ್‌ಗಳೆಲ್ಲ ಆರ್ಮ್‌ಗೆ ಒಗ್ಗಿಕೊಂಡಿದ್ದವು. 2016ರಲ್ಲಿ ಇಂಟೆಲ್ ಫೋನಿನ ಆಟಮ್ ಚಿಪ್‌ಗಳನ್ನು ಕೈಬಿಟ್ಟಿತು.

ಈ ನಡುವೆ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಫೋನುಗಳನ್ನು ಒಂದು ಗಿಗಾಹರ್ಟ್ಸ್ ಮುಟ್ಟಿಸಿತ್ತು. 2010ರ ಜನವರಿಯಲ್ಲಿ ಬಂದ ಗೂಗಲ್‌ನ ನೆಕ್ಸಸ್ ಒನ್ ಫೋನು ಅದನ್ನು ಮನೆಮಾತಾಗಿಸಿತು. ಅಂದಿನಿಂದ ಡಬ್ಬಿಯ ಮೇಲೆ ಅಚ್ಚಾದ ಗಿಗಾಹರ್ಟ್ಸ್ ಅಂಕಿಯೇ ಕೊಳ್ಳುವವರ ಅಳತೆಗೋಲಾಯಿತು.

ಕೋರ್‌ಗಳ ಪೈಪೋಟಿ

ಗಿಗಾಹರ್ಟ್ಸ್ ಏರಿಸುವ ದಾರಿಗೆ ಭೌತಶಾಸ್ತ್ರ ಬೇಗನೆ ಅಡ್ಡ ಬಂತು. ಚಿಪ್ ಬಳಸುವ ವಿದ್ಯುತ್ ಅದರ ಆವರ್ತನಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಗಿಗಾಹರ್ಟ್ಸ್ ಅಂಕಿಗೆ, ಅನುಗುಣವಾಗಿ ಏರುತ್ತದೆ. ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಆವರ್ತನ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ಫ್ಯಾನ್ ಇಲ್ಲದ, ಅಂಗೈಯಲ್ಲಿ ಹಿಡಿಯುವ ಸಾಧನದಲ್ಲಿ ಆ ಬಿಸಿಗೆ ಜಾಗವಿಲ್ಲ. ಹೀಗಾಗಿ ಒಂದು ಕೋರನ್ನು ವಿಪರೀತ ಓಡಿಸುವ ಬದಲು ಎರಡನ್ನು ಹದವಾಗಿ ಓಡಿಸುವ ಉಪಾಯ ಬಂತು. 2011ರ ಎಲ್‌ಜಿ ಆಪ್ಟಿಮಸ್ 2ಎಕ್ಸ್ ಎರಡು ಕೋರ್‌ಗಳ ಮೊದಲ ಸ್ಮಾರ್ಟ್‌ಫೋನ್. ಮರುವರ್ಷವೇ ನಾಲ್ಕು ಕೋರ್‌ಗಳ ಫೋನುಗಳು ಬಂದವು.

ಆದರೆ ಫೋನಿನ ದಿನನಿತ್ಯದ ಕೆಲಸಗಳು ಹಂಚಿಕೆಗೆ ಸುಲಭವಾಗಿ ಒಗ್ಗುವುದಿಲ್ಲ. ಆಪ್ ತೆರೆಯುವಾಗ, ವೆಬ್ ಪುಟ ಬಿಚ್ಚಿಕೊಳ್ಳುವಾಗ ಒಂದು ಹೆಜ್ಜೆ ಮುಗಿಯದೆ ಇನ್ನೊಂದು ಶುರುವಾಗದು. ಎಂಟು ಜನ ಸೇರಿದರೆ ಮದುವೆಯ ಅಡುಗೆ ಬೇಗ ಮುಗಿದೀತು, ಒಂದು ಲೋಟ ಹಾಲು ಬೇಗ ಕಾಯದು. ಇಂಥ ಕಡೆ ಬೇಕಾದದ್ದು ಒಂದೆರಡು ಬಲಿಷ್ಠ ಕೋರ್‌ಗಳು.

ಬಲ ಮತ್ತು ಮಿತವ್ಯಯ ಎರಡನ್ನೂ ಹೊಂದಿಸಲು ಆರ್ಮ್ 2011ರ ಅಕ್ಟೋಬರ್‌ನಲ್ಲಿ ಬಿಗ್‌-ಲಿಟಲ್ ಎಂಬ ಜೋಡಣೆ ಪ್ರಕಟಿಸಿತು. ಭಾರದ ಕೆಲಸಕ್ಕೆ ದೊಡ್ಡ ಕೋರ್‌ಗಳು, ಹಾಡು ಕೇಳುವುದು, ಸಂದೇಶಕ್ಕೆ ಕಾಯುವುದು ಇಂಥ ಹಗುರ ಕೆಲಸಕ್ಕೆ ಚಿಕ್ಕ ಕೋರ್‌ಗಳು. 2013ರಲ್ಲಿ ಭಾರತದಲ್ಲಿ ಮಾರಾಟವಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರಲ್ಲಿ ಇದ್ದದ್ದು ಈ ಬಗೆಯ, ಎಂಟು ಕೋರ್‌ಗಳ ಎಕ್ಸಿನೋಸ್ ಎಂಬ ಚಿಪ್. ಆದರೆ ಅದರಲ್ಲಿ ನಾಲ್ಕರ ಒಂದು ಗುಂಪು ಎಚ್ಚರವಾಗಿದ್ದಾಗ ಇನ್ನೊಂದು ಗುಂಪು ಮಲಗಿರುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಪಲ್ ಬೇರೆ ದಾರಿ ಹಿಡಿಯಿತು. ಚಿಪ್ ವಿನ್ಯಾಸಕ್ಕೆಂದು 2008ರಲ್ಲಿ ಪಿ.ಎ. ಸೆಮಿ ಎಂಬ ಕಂಪನಿಯನ್ನೇ ಕೊಂಡಿದ್ದ ಆಪಲ್, ಐಫೋನ್ 5ಎಸ್‌ನ ಎ7ರಲ್ಲಿ ಇಟ್ಟದ್ದು ಎರಡೇ ಕೋರ್, ವೇಗ 1.3 ಗಿಗಾಹರ್ಟ್ಸ್. ಆದರೆ ಅವು 64 ಬಿಟ್‌ನ, ಒಂದೊಂದು ಮಿಡಿತದಲ್ಲೂ ಹೆಚ್ಚು ಆದೇಶ ಪೂರೈಸುವ ಕೋರ್‌ಗಳು. ಕ್ವಾಲ್‌ಕಾಮ್‌ನ ಹಿರಿಯ ಅಧಿಕಾರಿಯೊಬ್ಬರು ಇದನ್ನು ಮಾರಾಟದ ಗಿಮಿಕ್ ಎಂದರು. ಆ ಮಾತು ಸರಿಯಲ್ಲವೆಂದು ಕಂಪನಿಯೇ ಬಳಿಕ ಸ್ಪಷ್ಟನೆ ನೀಡಿತು. ಕೆಲವೇ ವರ್ಷಗಳಲ್ಲಿ ಇಡೀ ಮಾರುಕಟ್ಟೆ 64 ಬಿಟ್‌ಗೆ ಹೊರಳಿತು.

ಭಾರತದ ಪೇಟೆಯಲ್ಲಿ ಕೋರ್‌ಗಳ ಸಂಖ್ಯೆಗೆ ಬೆಲೆ ತಂದದ್ದು ತೈವಾನಿನ ಮೀಡಿಯಾಟೆಕ್. ಚಿಪ್ ಜೊತೆಗೆ ಬೋರ್ಡಿನ ವಿನ್ಯಾಸ, ಸಾಫ್ಟ್‌ವೇರ್ ಎಲ್ಲವನ್ನೂ ಸಿದ್ಧವಾಗಿ ಕೊಡುತ್ತಿದ್ದ ಕಾರಣ ಚಿಕ್ಕ ಕಂಪನಿಗಳೂ ತಿಂಗಳುಗಳಲ್ಲಿ ಫೋನ್ ಹೊರತರಬಹುದಾಗಿತ್ತು. 2013ರ ಮೈಕ್ರೊಮ್ಯಾಕ್ಸ್ ಕ್ಯಾನ್ವಾಸ್ ಎಚ್‌ಡಿಯಲ್ಲಿ ಮೀಡಿಯಾಟೆಕ್‌ನ ಆರ್ಮ್ ವಿನ್ಯಾಸದ ನಾಲ್ಕು ಕಾರ್ಟೆಕ್ಸ್-ಎ7 ಕೋರ್ (ಆಪಲ್‌ನ ಎ7 ಚಿಪ್ ಬೇರೆ), 1.2 ಗಿಗಾಹರ್ಟ್ಸ್ ವೇಗ, 1 ಜಿಬಿ ರ‍್ಯಾಮ್ ಇತ್ತು. 2014ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೂಲಕ ಬಂದ ಮೋಟೊ ಜಿಯಲ್ಲೂ ಅವೇ ಕಾರ್ಟೆಕ್ಸ್-ಎ7 ಕೋರ್ ನಾಲ್ಕು, ಅದೇ 1.2 ಗಿಗಾಹರ್ಟ್ಸ್, ಅದೇ 1 ಜಿಬಿ. ಚಿಪ್ ಮಾತ್ರ ಸ್ನ್ಯಾಪ್‌ಡ್ರ್ಯಾಗನ್ 400. ಅಂಕಿಗಳಲ್ಲಿ ಅವಳಿಗಳಂತಿದ್ದರೂ ನಯವಾದ ಓಟಕ್ಕೆ ಹೆಸರಾದದ್ದು ಮೋಟೊ ಜಿ. ಬೇರೆ ಗ್ರಾಫಿಕ್ಸ್ ಭಾಗ, ಹೊಸ ಆಂಡ್ರಾಯ್ಡ್, ಬೇಡದ ಹೊರೆ ಹೇರದ ಸಾಫ್ಟ್‌ವೇರ್ ಇದಕ್ಕೆ ಕಾರಣ.

ಎಂಟು ಕೋರ್‌ಗಳ ಹುಚ್ಚು ನೆತ್ತಿಗೇರಿದ್ದಾಗ, 2016ರಲ್ಲಿ, ಆರೇ ಕೋರ್‌ಗಳ ಸ್ನ್ಯಾಪ್‌ಡ್ರ್ಯಾಗನ್ 650 ಹೊತ್ತ ರೆಡ್‌ಮಿ ನೋಟ್ 3 ಭಾರತಕ್ಕೆ ಬಂತು. ಅದೇ ದರ್ಜೆಯ ಅನೇಕ ಫೋನುಗಳಲ್ಲಿ ಎಂಟೂ ಚಿಕ್ಕ ಕಾರ್ಟೆಕ್ಸ್-ಎ53 ಕೋರ್‌ಗಳಿದ್ದವು. ಇದರಲ್ಲಿ ನಾಲ್ಕು ಎ53 ಜೊತೆಗೆ ಎರಡು ಬಲಿಷ್ಠ ಎ72. ಆ ಎರಡರಿಂದಾಗಿ ಆಪ್‌ಗಳು ಬೇಗ ತೆರೆದುಕೊಂಡವು.

ಬಿಸಿ, ಬ್ಯಾಟರಿ, ಸಂಗ್ರಹ

ಕೋರ್‌ಗಳ ಎಣಿಕೆ ಮಂಕಾಗುತ್ತ ಬಂದಂತೆ ಬೆಂಚ್‌ಮಾರ್ಕ್ ಆಪ್‌ಗಳು ಕೊಡುವ ಅಂಕಗಳು ಮುಂದೆ ಬಂದವು. ಈ ಪರೀಕ್ಷೆಗಳು ಕೆಲವೇ ನಿಮಿಷಗಳವು. ಅಷ್ಟರಲ್ಲಿ ಫೋನು ಪೂರ್ತಿ ಬಿಸಿಯೇರಿರುವುದಿಲ್ಲ. ಪರೀಕ್ಷೆಯ ಆಪ್ ತೆರೆದದ್ದನ್ನು ಗುರುತಿಸಿ ವೇಗ ಏರಿಸಿಕೊಳ್ಳುವ ಫೋನುಗಳೂ 2013ರಲ್ಲಿ ಸಿಕ್ಕಿಬಿದ್ದವು. ಬಳಕೆಯಲ್ಲಿ ಆಗುವುದು ಬೇರೆಯೇ: ಚಿಪ್ ಕಾದೊಡನೆ ಫೋನು ತಾನಾಗಿ ವೇಗ ತಗ್ಗಿಸುತ್ತದೆ. 2015ರಲ್ಲಿ 20 ನ್ಯಾನೊಮೀಟರ್ ತಯಾರಿಕಾ ತಂತ್ರದ ಸ್ನ್ಯಾಪ್‌ಡ್ರ್ಯಾಗನ್ 810 ಬಿಸಿಯೇರುವ ದೂರಿನಿಂದಲೇ ಸುದ್ದಿಯಾಯಿತು. ಸ್ಯಾಮ್‌ಸಂಗ್ ಆ ವರ್ಷದ ಗ್ಯಾಲಕ್ಸಿ ಎಸ್6ಕ್ಕೆ 14 ನ್ಯಾನೊಮೀಟರ್‌ನ ಸ್ವಂತ ಎಕ್ಸಿನೋಸ್ ಬಳಸಿತು.

ಅದೇ ಎಸ್6 ಇನ್ನೊಂದು ಬದಲಾವಣೆಗೂ ಮುಂದಾಯಿತು. ಹಳೆಯ ಇಎಂಎಂಸಿ ಸಂಗ್ರಹದ ಬದಲಿಗೆ, ಓದು-ಬರಹ ಎರಡನ್ನೂ ಒಟ್ಟಿಗೆ ನಡೆಸಬಲ್ಲ ಯುಎಫ್‌ಎಸ್ ಅದರಲ್ಲಿತ್ತು. ಫೋನ್ ಹ್ಯಾಂಗ್ ಆಗುತ್ತದೆ ಎಂಬ ದೂರಿಗೆ ಎಷ್ಟೋ ಸಲ ಕಾರಣ ಪ್ರೊಸೆಸರ್ ಅಲ್ಲ, ನಿಧಾನದ ಸಂಗ್ರಹ. ಆಪ್ ಅಳವಡಿಸುವಾಗ, ನವೀಕರಿಸುವಾಗ, ತುಂಬಿದ ಗ್ಯಾಲರಿ ತೆರೆಯುವಾಗ ಪ್ರೊಸೆಸರ್ ದತ್ತಾಂಶಕ್ಕಾಗಿ ಕಾಯುತ್ತಿರುತ್ತದೆ. ರ‍್ಯಾಮ್ ಸಾಲದಿದ್ದರೆ ಹಿಂದೆ ಬಿಟ್ಟ ಆಪ್ ಪ್ರತಿ ಸಲವೂ ಮೊದಲಿನಿಂದ ತೆರೆದುಕೊಳ್ಳುತ್ತದೆ.

ಬ್ಯಾಟರಿಯೂ ವೇಗದ ಪಾಲುದಾರನೆಂದು ಜಗತ್ತಿಗೆ ಗೊತ್ತಾದದ್ದು 2017ರ ಡಿಸೆಂಬರ್‌ನಲ್ಲಿ. ಸವೆದ ಬ್ಯಾಟರಿಯಿರುವ ಹಳೆಯ ಐಫೋನುಗಳು ಹಠಾತ್ತನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿರುವುದಾಗಿ ಆಪಲ್ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದರೆ ಅದೇ ಪ್ರೊಸೆಸರ್ ಹಳೆಯ ವೇಗಕ್ಕೆ ಮರಳುತ್ತಿತ್ತು.

ನ್ಯಾನೊಮೀಟರ್‌ನಿಂದ ವರ್ಷಗಳಿಗೆ

ನಂತರದ ಅಳತೆಗೋಲು ನ್ಯಾನೊಮೀಟರ್. ಮೊದಲು ಇದು ಟ್ರಾನ್ಸಿಸ್ಟರಿನ ಒಂದು ಭಾಗದ ನಿಜವಾದ ಅಳತೆ. ಈಗ ಒಂದು ತಯಾರಿಕಾ ಪೀಳಿಗೆಯ ಹೆಸರಷ್ಟೇ. 2022ರಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಸ್ಯಾಮ್‌ಸಂಗ್‌ನ 4 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾಗಿದ್ದ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಅನ್ನೇ ತುಸು ತಿದ್ದಿ, ಕ್ವಾಲ್‌ಕಾಮ್ ತೈವಾನಿನ ಟಿಎಸ್‌ಎಂಸಿಯ 4 ನ್ಯಾನೊಮೀಟರ್ ತಂತ್ರದಲ್ಲಿ 8 ಪ್ಲಸ್ ಜೆನ್ 1 ಹೆಸರಿನಲ್ಲಿ ತಂದಿತು. ವಿದ್ಯುತ್ ಬಳಕೆ ಶೇ. 30ರವರೆಗೆ ತಗ್ಗಿದೆ ಎಂದು ಕಂಪನಿ ಹೇಳಿಕೊಂಡಿತು. ಫೋನುಗಳೂ ತಂಪಾಗಿ ಓಡಿದವು. ಅಂಕಿ ಒಂದೇ, ಕಾರ್ಖಾನೆ ಬೇರೆ.

2017ರಿಂದ ಹುವಾವೆಯ ಕಿರಿನ್ 970, ಆಪಲ್‌ನ ಎ11 ಚಿಪ್‌ಗಳ ಮೂಲಕ ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಪ್ರತ್ಯೇಕ ಭಾಗ ಸೇರಿಕೊಂಡಿತು. ಮುಖ ಗುರುತಿಸುವುದು, ರಾತ್ರಿಯ ಫೋಟೊ ತಿಳಿಯಾಗಿಸುವುದು ಇಂಥ ಕೆಲಸಗಳು ಮುಖ್ಯ ಕೋರ್‌ಗಳಿಂದ ಅತ್ತ ಸರಿದವು. ಆಪಲ್‌ನ 2023ರ ಎ17 ಪ್ರೊದಲ್ಲಿ 1,900 ಕೋಟಿ ಟ್ರಾನ್ಸಿಸ್ಟರ್‌ಗಳಿವೆ, ಅಂದರೆ ಮೊದಲ ಆರ್ಮ್ ಚಿಪ್ಪಿನ 7 ಲಕ್ಷ ಪಟ್ಟಿಗೂ ಹೆಚ್ಚು. ಅದೇ ವರ್ಷ ಮೀಡಿಯಾಟೆಕ್ ಡೈಮೆನ್ಸಿಟಿ 9300ರಲ್ಲಿ ಚಿಕ್ಕ ಕೋರ್‌ಗಳನ್ನು ಕೈಬಿಟ್ಟಿತು. ದೊಡ್ಡ ಕೋರ್ ಕೆಲಸವನ್ನು ಚಕ್ಕನೆ ಮುಗಿಸಿ ಬೇಗ ಮಲಗಿದರೆ ಒಟ್ಟಾರೆ ಚಾರ್ಜ್ ಉಳಿಯುತ್ತದೆ ಎಂಬುದು ಅದರ ಲೆಕ್ಕ.

ಮಾತುಕತೆ, ವಾಟ್ಸ್‌ಆ್ಯಪ್, ಯುಪಿಐ ಪಾವತಿಯಂಥ ಕೆಲಸಗಳಿಗೆ ಈಗ ಮಧ್ಯಮ ದರ್ಜೆಯ ಚಿಪ್ ಧಾರಾಳವಾಗಿ ಸಾಕು. ದುಬಾರಿ ಚಿಪ್ಪಿನ ವ್ಯತ್ಯಾಸ ಕಾಣುವುದು ಭಾರೀ ಆಟಗಳಲ್ಲಿ, ವಿಡಿಯೊ ಸಂಪಾದನೆಯಲ್ಲಿ, ಕ್ಯಾಮೆರಾದಲ್ಲಿ. ಅದಕ್ಕಿಂತ ಹೆಚ್ಚಾಗಿ ಬಾಳಿಕೆಯಲ್ಲಿ. ಚಿಪ್ ತಯಾರಕರು ಚಾಲಕ ಸಾಫ್ಟ್‌ವೇರ್ ಒದಗಿಸುತ್ತಿದ್ದರಷ್ಟೇ ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ತರುವುದು ಸುಲಭ. 2012ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಫೋನಿನ ಚಿಪ್‌ಗಳಿಂದ ಹಿಂದೆ ಸರಿಯಿತು; ಅದರ ಚಿಪ್ ಹೊತ್ತ ಗ್ಯಾಲಕ್ಸಿ ನೆಕ್ಸಸ್, ಗೂಗಲ್‌ನ ಸ್ವಂತ ಫೋನಾಗಿದ್ದರೂ, ಎರಡು ವರ್ಷದೊಳಗೆ ಆಂಡ್ರಾಯ್ಡ್ 4.4ರಿಂದ ವಂಚಿತವಾಯಿತು. 2023ರಲ್ಲಿ ಪಿಕ್ಸೆಲ್ 8ಕ್ಕೆ ಗೂಗಲ್, 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಏಳು ವರ್ಷಗಳ ನವೀಕರಣದ ಭರವಸೆ ಕೊಟ್ಟವು. ಗಿಗಾಹರ್ಟ್ಸ್, ಕೋರ್, ಅಂಕ, ನ್ಯಾನೊಮೀಟರ್‌ಗಳ ಸಾಲಿಗೆ ಹೀಗೆ ವರ್ಷಗಳ ಲೆಕ್ಕವೂ ಸೇರಿತು.